ರೋಮಿನ ಹಾಳು ದೇಗುಲಗಳಲ್ಲಿ ನೋಡುವುದೇನಿದೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗುತ್ತಿರುವ ನಾವಿಬ್ಬರೂ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ದಿನ ರೋಮ್‌ನಲ್ಲಿ ಇರಲಿದ್ದೇವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಮತ್ತೆ ಮತ್ತೆ ನೋಡಿದ ನಮಗೆ ಚಿತ್ರಗಳಲ್ಲಿ ಕಾಣುವ ರೋಮನ್ ದೇವಾಲಯಗಳು ಬರಿಯ ಕಂಬಗಳೆಂದು ತೋರುತ್ತವೆ. ಮೂರು ಕಂಬ ನಿಂತ ಜಾಗದಲ್ಲಿ ನೋಡುವುದೇನನ್ನು? ಹಳೆಯದು ಯಾವುದು, ಈಚೆಗೆ ಕಟ್ಟಿದ್ದು ಯಾವುದು ಎಂದು ತಿಳಿಯುವುದು ಹೇಗೆ? ಅಲ್ಲಿ ಪಾದರಕ್ಷೆ ಕಳಚಬೇಕೆ? ನನ್ನ ಯಜಮಾನರಿಗೆ ಮೊಣಕಾಲು ನೋವಿದೆ ಎಂಬುದನ್ನೂ ಗಮನದಲ್ಲಿಟ್ಟು ಉತ್ತರಿಸಬೇಕಾಗಿ ವಿನಂತಿ.

ಉತ್ತರ: ಚಿತ್ರಗಳನ್ನು ನೋಡಿ ನಿಮಗೆ ಹಾಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಛಾಯಾಗ್ರಾಹಕರು ಆಕಾಶದ ಹಿನ್ನೆಲೆಯಲ್ಲಿ ಎದ್ದುಕಾಣುವ ಕಂಬಗಳನ್ನೇ ಹುಡುಕುತ್ತಾರೆ. ಆದರೆ ರೋಮನ್ ದೇವಾಲಯವೊಂದರ ಬಗ್ಗೆ ಅತಿ ಕಡಿಮೆ ಹೇಳುವ ಭಾಗವೆಂದರೆ ಆ ಕಂಬಗಳೇ. ಅಲ್ಲಿ ಹೋದಾಗ ಮೊದಲು ಕತ್ತು ಬಗ್ಗಿಸಿ ನೆಲವನ್ನು ನೋಡಿ, ಅನಂತರ ಅಧಿಷ್ಠಾನವನ್ನು, ಮೆಟ್ಟಿಲುಗಳನ್ನು, ಮೆಟ್ಟಿಲುಗಳ ಎದುರಿನ ಖಾಲಿ ಜಾಗವನ್ನು ನೋಡಿ. ಕಂಬಗಳ ಸರದಿ ಕೊನೆಗೆ ಬರಲಿ ಎಂಬುದು ನನ್ನ ಸಲಹೆ. ಹೀಗೆ ಕೆಳಗಿನಿಂದ ಮೇಲಕ್ಕೆ ಓದಿದರೆ ಮೂರೇ ಕಂಬ ಉಳಿದ ದೇವಾಲಯವೂ ಸಾಕಷ್ಟು ಮಾತಾಡುತ್ತದೆ.

ಹೊಯ್ಸಳ ದೇವಾಲಯದ ಜಗತಿಯನ್ನು ನೆನಪಿಸಿಕೊಳ್ಳಿ. ಅದು ನಕ್ಷತ್ರಾಕಾರದಲ್ಲಿ ಗೋಡೆಗಿಂತ ಬಹಳ ಹೊರಗೆ ಚಾಚಿಕೊಂಡಿರುತ್ತದೆ, ಏಕೆಂದರೆ ಭಕ್ತರು ಅದರ ಮೇಲೆ ಪ್ರದಕ್ಷಿಣೆ ಬರಬೇಕು, ಬರುತ್ತಾ ಗೋಡೆಯ ಶಿಲ್ಪಗಳನ್ನು ಓದಬೇಕು. ರೋಮನ್ ದೇವಾಲಯದ ಅಧಿಷ್ಠಾನ ಅದಕ್ಕೆ ತೀರ ವಿರುದ್ಧವಾದುದು. ಅದು ಆಳೆತ್ತರಕ್ಕೂ ಮೀರಿ ನೆಟ್ಟಗೆ ಏಳುತ್ತದೆ, ಅದರ ಅಂಚಿಗೇ ಗೋಡೆಯೋ ಕಂಬವೋ ನಿಂತಿರುತ್ತದೆ, ಸುತ್ತಲು ನಡೆಯಲು ಜಾಗವೇ ಇರುವುದಿಲ್ಲ, ಮತ್ತು ಹತ್ತಲು ಮೆಟ್ಟಿಲುಗಳಿರುವುದು ಮುಂಭಾಗದಲ್ಲಿ ಮಾತ್ರ. ನಾಲ್ಕೂ ಕಡೆಯಿಂದ ಮೆಟ್ಟಿಲಿರುವ, ಸುತ್ತಲೂ ಕಂಬಗಳಿರುವ ಕಟ್ಟಡ ಇಟಲಿಯಲ್ಲಿ ಎದುರಾದರೆ ಅದು ಗ್ರೀಕರದಾಗಿರುವ ಸಾಧ್ಯತೆ ಹೆಚ್ಚು. ದಕ್ಷಿಣದ ಪೆಸ್ಟುಮ್ ಮತ್ತು ಸಿಸಿಲಿಯ ಅಗ್ರಿಜೆಂಟೊಗಳ ಸುಪ್ರಸಿದ್ಧ ದೇವಾಲಯಗಳು ಗ್ರೀಕ್ ವಸಾಹತುಗಾರರು ಕಟ್ಟಿದವು. ಪ್ರವಾಸಿ ಜಾಹೀರಾತುಗಳು ಅವನ್ನೂ ರೋಮನ್ನರ ಖಾತೆಗೆ ಸೇರಿಸಿಬಿಡುವುದುಂಟು. ರೋಮನ್ನರ ದೇವಾಲಯಕ್ಕೆ ಒಂದು ಮುಖವಿದೆ, ಬೆನ್ನಿದೆ. ಎದುರಿಗೆ ಬಂದು ನಿಂತವನನ್ನು ತಲೆಯೆತ್ತಿ ನೋಡುವಂತೆ ಮಾಡುವುದೇ ಅದರ ಉದ್ದೇಶ.

ಆ ಮೆಟ್ಟಿಲುಗಳನ್ನು ಎಣಿಸಿ ನೋಡುವುದು ನಿಮಗೆ ಹಿಡಿಸಬಹುದು. ಕ್ರಿ.ಪೂ. ಒಂದನೆಯ ಶತಮಾನದಲ್ಲಿ ವಾಸ್ತುಶಿಲ್ಪದ ಬಗ್ಗೆ ಹತ್ತು ಭಾಗಗಳ ಗ್ರಂಥ ಬರೆದ ವಿಟ್ರೂವಿಯಸ್, ದೇವಾಲಯದ ಮೆಟ್ಟಿಲುಗಳು ಬೆಸಸಂಖ್ಯೆಯಲ್ಲಿ ಇರಬೇಕೆಂದು ವಿಧಿಸುತ್ತಾನೆ. ಮೊದಲ ಮೆಟ್ಟಿಲಿಗೆ ಬಲಗಾಲಿಟ್ಟವನು ಮೇಲಿನ ನೆಲವನ್ನು ಮುಟ್ಟುವಾಗಲೂ ಬಲಗಾಲನ್ನೇ ಇಡುವಂತಾಗಬೇಕು ಎಂಬುದು ಅವನು ಕೊಡುವ ಕಾರಣ. ಹೊಸಿಲು ದಾಟುವಾಗ ಬಲಗಾಲಿಡು ಎಂದು ಹೇಳಿಸಿಕೊಂಡು ಬೆಳೆದ ನಮಗೆ ಇದಕ್ಕೆ ಟಿಪ್ಪಣಿ ಬೇಕಿಲ್ಲ. ದಿಕ್ಕಿನ ವಿಚಾರದಲ್ಲಿ ಮಾತ್ರ ಅವನ ನಿಯಮ ನಮಗೆ ಹೊಸತು: ಅಡ್ಡಿಯೇನೂ ಇಲ್ಲದಿದ್ದರೆ ವಿಗ್ರಹ ಪಶ್ಚಿಮಕ್ಕೆ ಮುಖ ಮಾಡಿರಬೇಕು, ಆಗ ಎದುರು ನಿಂತು ಅರ್ಪಿಸುವವನ ದೃಷ್ಟಿ ಪೂರ್ವದತ್ತ ಇರುತ್ತದೆ. ಆದರೆ ಊರ ನಡುವೆ ಇದನ್ನು ಪಾಲಿಸಿದ್ದು ಕಡಿಮೆ. ದಾರಿಯ ಪಕ್ಕದ ದೇವಾಲಯಗಳು ಹೋಗಿಬರುವವರು ನಡೆಯುತ್ತಲೇ ದೇವರಿಗೆ ವಂದಿಸಲು ಅನುಕೂಲವಾಗುವಂತಿರಲಿ ಎಂದು ಅವನೇ ಮುಂದೆ ಸಡಿಲಿಕೆ ಕೊಡುತ್ತಾನೆ. ಪ್ರಾಚೀನ ರೋಮಿನ ಮುಖ್ಯ ಚೌಕವಾದ ಫೋರಂನಲ್ಲಿ ದೇವಾಲಯಗಳು ದಿಕ್ಸೂಚಿಗಿಂತ ಚೌಕಕ್ಕೂ ರಸ್ತೆಗೂ ಹೆಚ್ಚು ಬೆಲೆ ಕೊಟ್ಟಿರುವುದು ಇದರಿಂದಲೇ.

ಇನ್ನು ಮೆಟ್ಟಿಲುಗಳ ಎದುರಿನ ಜಾಗ. ನನ್ನ ಮಟ್ಟಿಗೆ ಇಡೀ ಅವಶೇಷದಲ್ಲಿ ಅತ್ಯಂತ ಮುಖ್ಯವಾದ ಸ್ಥಳ ಇದೇ, ಮತ್ತು ಪ್ರವಾಸಿಗರು ಗಮನಿಸದೆ ದಾಟಿಹೋಗುವುದೂ ಇದನ್ನೇ. ರೋಮನ್ನರ ಸಾರ್ವಜನಿಕ ಪೂಜೆ ಕಟ್ಟಡದ ಒಳಗೆ ನಡೆಯುತ್ತಿರಲಿಲ್ಲ. ಬಲಿಪೀಠ ಹೊರಗೆ, ಬಯಲಿನಲ್ಲಿ, ಮೆಟ್ಟಿಲುಗಳ ಬುಡದಲ್ಲೋ ಮೆಟ್ಟಿಲುಗಳ ನಡುವೆಯೋ ಇರುತ್ತಿತ್ತು. ಜನ ಸೇರುತ್ತಿದ್ದುದು ಅದರ ಸುತ್ತ. ಒಳಗಿನ ಕೋಣೆ ದೇವರ ವಿಗ್ರಹದ ಮನೆ. ಬಾಗಿಲು ತೆರೆದಿದ್ದಾಗ ವಿಗ್ರಹ ಹೊರಗಿನ ಕರ್ಮವನ್ನು ನೋಡುತ್ತಿತ್ತು ಎನ್ನಬಹುದು. ಆ ಕೋಣೆಯಲ್ಲಿ ಹರಕೆಯ ವಸ್ತುಗಳು, ಯುದ್ಧದಲ್ಲಿ ತಂದ ಶಿಲ್ಪಗಳು, ಕೆಲವೊಮ್ಮೆ ಸರ್ಕಾರದ ಹಣ ಇರುತ್ತಿದ್ದವು. ರೋಮಿನ ಹಿರಿಯರ ಆಡಳಿತ ಮಂಡಳಿಯಾದ ಸೆನೆಟ್ಟಿನ ಸಭೆಗಳೂ ಅಲ್ಲಿ ಕೂಡುತ್ತಿದ್ದವು. ಕ್ರಿ.ಪೂ. 63ರಲ್ಲಿ ವಾಗ್ಮಿ ಸಿಸೆರೊ ಸಂಚುಗಾರ ಕ್ಯಾಟಿಲೈನನ ವಿರುದ್ಧ ಮೊದಲ ಭಾಷಣ ಮಾಡಿದ್ದು ಜುಪಿಟರ್ ಸ್ಟೇಟರ್ ದೇವಾಲಯದಲ್ಲಿ. ಹೀಗಾಗಿ ಗರ್ಭಗೃಹದ ಹೊಸಿಲವರೆಗೆ ಹೋಗಿ ದರ್ಶನ ಪಡೆಯುವ ನಮ್ಮ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ಲಿ ಒಳಗನ್ನು ಹುಡುಕಿದರೆ ನಿರಾಶೆ ಖಂಡಿತ. ಅಲ್ಲಿ ನಡೆಯಬೇಕಾದದ್ದೆಲ್ಲ ನೀವು ನಿಂತಿರುವ ಬಯಲಿನಲ್ಲೇ ನಡೆಯುತ್ತಿತ್ತು.

ಏನು ನಡೆಯುತ್ತಿತ್ತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಪ್ರಾಣಿಬಲಿ. ಎತ್ತು, ಹಂದಿ, ಕುರಿಗಳನ್ನು ಅಲಂಕರಿಸಿ ತರುತ್ತಿದ್ದರು. ಪುರೋಹಿತ ಟೋಗಾ ಎಂಬ ತನ್ನ ಹೊದೆವಸ್ತ್ರದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದ. ಅಶುಭ ಸದ್ದು ಕಿವಿಗೆ ಬೀಳದಿರಲೆಂದು ಕೊಳಲಿನವನು ನುಡಿಸುತ್ತಲೇ ಇರುತ್ತಿದ್ದ. ಧೂಪ ಮತ್ತು ದ್ರಾಕ್ಷಾರಸಗಳನ್ನು ಬೆಂಕಿಗೆ ಅರ್ಪಿಸಿ, ಪ್ರಾಣಿಯ ತಲೆಯ ಮೇಲೆ ಉಪ್ಪು ಬೆರೆಸಿದ ಹಿಟ್ಟನ್ನು ಉದುರಿಸಿ, ಅನಂತರ ಕೊಲ್ಲುತ್ತಿದ್ದರು. ಒಳಗಿನ ಅಂಗಗಳನ್ನು, ಮುಖ್ಯವಾಗಿ ಯಕೃತ್ತನ್ನು, ಪರೀಕ್ಷಿಸಿ ದೇವರು ಒಪ್ಪಿದನೇ ಎಂದು ತಿಳಿದ ಮೇಲೆ ಆ ಭಾಗಗಳನ್ನು ಸುಟ್ಟು ಅರ್ಪಿಸಿ, ಉಳಿದ ಮಾಂಸವನ್ನು ಮನುಷ್ಯರು ಉಣ್ಣುತ್ತಿದ್ದರು. ಫೋರಂನ ಪಶ್ಚಿಮದ ತುದಿಯಲ್ಲಿ ಮೂರು ಕಂಬಗಳಾಗಿ ಉಳಿದಿರುವ, ಚಕ್ರವರ್ತಿ ವೆಸ್ಪೇಸಿಯನ್ ಹೆಸರಿನ ದೇವಾಲಯದ ತೊಲೆಗಲ್ಲಿನ ಪಟ್ಟಿಯನ್ನು ದುರ್ಬೀನಿನಲ್ಲಿ ನೋಡಿ. ಹೂಬಳ್ಳಿಯೆಂದು ತೋರುವ ಆ ಸಾಲಿನಲ್ಲಿ ಎತ್ತಿನ ತಲೆಬುರುಡೆ, ಕೊಡಲಿ, ಕತ್ತಿ, ನೀರಿನ ಹೂಜಿ, ತರ್ಪಣದ ಬಟ್ಟಲುಗಳಿವೆ. ಕೆಳಗೆ ನಡೆಯುತ್ತಿದ್ದ ಕರ್ಮದ ಸಲಕರಣೆಗಳೇ ಮೇಲೆ ಅಲಂಕಾರವಾಗಿ ನಿಂತಿವೆ. ಸಣ್ಣ ದುರ್ಬೀನೊಂದನ್ನು ಜೊತೆಗೆ ಒಯ್ಯುವುದು ಈ ಕಾರಣಕ್ಕೇ ಒಳ್ಳೆಯದು.

ಬಲಿಪೀಠವನ್ನು ಕಣ್ಣಾರೆ ಕಾಣಬೇಕೆಂದರೆ ಅದೇ ಫೋರಂನ ಆಂಟೊನೈನಸ್ ಮತ್ತು ಫೌಸ್ಟಿನಾ ದೇವಾಲಯದ ಮುಂದೆ ನಿಲ್ಲಿ. ಇಟ್ಟಿಗೆಯ ಮೆಟ್ಟಿಲುಗಳ ನಡುಮಧ್ಯದಲ್ಲಿ ಅದರ ಉಳಿಕೆ ಇದೆ. ಚಕ್ರವರ್ತಿ ಆಂಟೊನೈನಸ್ ಪಯಸ್ ತನ್ನ ಮಡದಿ ಫೌಸ್ಟಿನಾ ತೀರಿಕೊಂಡ ಮೇಲೆ ಕ್ರಿ.ಶ. 141ರಲ್ಲಿ ಆಕೆಗಾಗಿ ಇದನ್ನು ಕಟ್ಟಿಸಲು ತೊಡಗಿದ. 161ರಲ್ಲಿ ಅವನೂ ತೀರಿಕೊಂಡಾಗ ಅವನ ಹೆಸರೂ ಸೇರಿತು. ಸತ್ತ ಅರಸರನ್ನು ಸೆನೆಟ್ ನಿರ್ಣಯದ ಮೂಲಕ ದೇವರೆಂದು ಘೋಷಿಸುವ ಪದ್ಧತಿ ಜೂಲಿಯಸ್ ಸೀಸರನಿಂದ ಆರಂಭವಾಗಿ ಆಗ ಎರಡು ಶತಮಾನ ಕಳೆದಿತ್ತು. ಸೀಸರನ ದೇವಾಲಯ ಇಲ್ಲಿಂದ ಕೂಗಳತೆಯಲ್ಲಿದೆ. ಅವನ ದೇಹವನ್ನು ಸುಟ್ಟ ಜಾಗದಲ್ಲಿ ಅವನ ದತ್ತುಮಗ, ಮುಂದೆ ಮೊದಲ ಚಕ್ರವರ್ತಿಯಾದ ಅಗಸ್ಟಸ್ ಕ್ರಿ.ಪೂ. 29ರಲ್ಲಿ ಪ್ರತಿಷ್ಠಾಪಿಸಿದ ಆ ದೇವಾಲಯದಲ್ಲಿ ಇಂದು ಉಳಿದಿರುವುದು ಗಾರೆಕಲ್ಲಿನ ಒಂದು ದಿಬ್ಬ ಮತ್ತು ತಗಡಿನ ಮಾಡಿನ ಕೆಳಗಿನ ಬಲಿಪೀಠದ ಬುಡ ಮಾತ್ರ. ಅದರ ಮೇಲೆ ಈಗಲೂ ಯಾರೋ ಹೂವಿಟ್ಟಿರುವುದನ್ನು ಕಾಣುವಿರಿ.

ಮೂಲ ಯಾವುದು, ಈಚಿನದು ಯಾವುದು ಎಂಬ ನಿಮ್ಮ ಪ್ರಶ್ನೆಗೆ ಆಂಟೊನೈನಸ್ ದೇವಾಲಯವೇ ಒಳ್ಳೆಯ ಪಾಠ. ಸುಮಾರು 17 ಮೀಟರ್ ಎತ್ತರದ, ಹಸಿರು ಎಳೆಗಳಿರುವ ಅಮೃತಶಿಲೆಯ ಏಕಶಿಲಾ ಕಂಬಗಳು ಎರಡನೆಯ ಶತಮಾನದವು. ಅವುಗಳ ಹಿಂದೆ ಇಣುಕುವ ಬಾಗಿದ ನೆತ್ತಿಯ ಮುಖಭಾಗ 17ನೆಯ ಶತಮಾನದ ಚರ್ಚಿನದು. ಆ ಚರ್ಚಿನ ಬಾಗಿಲು ದೇವಾಲಯದ ನೆಲದಿಂದ ಬಹಳ ಎತ್ತರದಲ್ಲಿ, ಯಾರೂ ಹತ್ತಲಾಗದಂತೆ ನೇತಾಡುತ್ತಿದೆ. ಕಟ್ಟಿದವರಿಗೆ ಲೆಕ್ಕ ತಪ್ಪಿದ್ದಲ್ಲ. ಅವರ ಕಾಲಕ್ಕೆ ಪ್ರವಾಹದ ಹೂಳು, ಕುಸಿದ ಕಟ್ಟಡಗಳ ಮಣ್ಣು ತುಂಬಿ ಫೋರಂನ ನೆಲ ಅಲ್ಲಿಯವರೆಗೂ ಏರಿತ್ತು. ಬಾಗಿಲು ಆಗ ನೆಲಮಟ್ಟದಲ್ಲೇ ಇತ್ತು. ದನ ಮೇಯುವ ಬಯಲಾಗಿದ್ದ ಈ ಜಾಗವನ್ನು ಜನ ದನಗಳ ಮೈದಾನವೆಂದೇ ಕರೆಯುತ್ತಿದ್ದರು. ಮುಂದೆ 19ನೆಯ ಶತಮಾನದಲ್ಲಿ ಅಗೆತಗಳು ಹಳೆಯ ನೆಲವನ್ನು ಹೊರತೆಗೆದಾಗ ಬಾಗಿಲು ಆಕಾಶದಲ್ಲಿ ಉಳಿದುಹೋಯಿತು. ಕಂಬಗಳ ಮೇಲ್ತುದಿಯಲ್ಲಿ ಓರೆಯಾಗಿ ಕೊರೆದ ಗೀರುಗಳಿವೆ. ಹಗ್ಗ ಕಟ್ಟಿ ಅವನ್ನು ಕೆಡವಲು ಯತ್ನಿಸಿದ ಗುರುತುಗಳೆಂದು ಅವನ್ನು ಸಾಮಾನ್ಯವಾಗಿ ವಿವರಿಸುತ್ತಾರೆ.

ಕೆಡವಿದ್ದೇಕೆ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಸುಣ್ಣದ ಗೂಡುಗಳಲ್ಲಿದೆ. ಚಕ್ರವರ್ತಿ ಥಿಯೊಡೋಸಿಯಸ್ 391 ಮತ್ತು 392ರ ಆಜ್ಞೆಗಳಲ್ಲಿ ಹಳೆಯ ದೇವತೆಗಳಿಗೆ ಬಲಿ ಕೊಡುವುದನ್ನು ನಿಷೇಧಿಸಿದ ಮೇಲೆ ದೇವಾಲಯಗಳಿಗೆ ಆದಾಯವೂ ರಕ್ಷಣೆಯೂ ಇಲ್ಲವಾಯಿತು. ಭೂಕಂಪಗಳು ಒಂದಷ್ಟನ್ನು ಉರುಳಿಸಿದವು. ಆದರೆ ಹೆಚ್ಚಿನ ನಾಶ ಮಾಡಿದ್ದು ಶತಮಾನಗಳ ಕಾಲ ರೋಮಿನಲ್ಲೇ ವಾಸವಿದ್ದ ಜನ. ಅಮೃತಶಿಲೆಯನ್ನು ಸುಟ್ಟರೆ ಒಳ್ಳೆಯ ಸುಣ್ಣ ಬರುತ್ತದೆ, ಹಾಗೆಯೇ ಬಿಟ್ಟರೆ ಹೊಸ ಅರಮನೆಗೆ ಸಿದ್ಧಕಲ್ಲಾಗುತ್ತದೆ. ಸಂತ ಪೀಟರ್ ಚರ್ಚಿನ ಹೊಸ ಕಟ್ಟಡಕ್ಕೆ ಕಲ್ಲು ಒದಗಿಸಲು 1540ರಲ್ಲಿ ಪೋಪ್ ಮೂರನೆಯ ಪಾಲ್ ಫೋರಂನಿಂದ ಕಲ್ಲೆತ್ತುವ ಅಧಿಕಾರವನ್ನೇ ಕೊಟ್ಟ. ಪ್ರಾಚೀನ ರೋಮನ್ನು ಕಣ್ಣಿಗೆ ಒತ್ತಿಕೊಂಡು ಹೊಗಳಿದ ಯೂರೋಪಿನ ನವೋದಯದ ಕಾಲವೇ ಅದನ್ನು ಗಣಿಯಂತೆ ಅಗೆದು ಮುಗಿಸಿತು ಎಂಬುದು ವಿಚಿತ್ರವಾದರೂ ನಿಜ. ಇಷ್ಟರ ನಡುವೆ ಉಳಿದ ದೇವಾಲಯಗಳಲ್ಲಿ ಬಹುಪಾಲು ಉಳಿದದ್ದು ಚರ್ಚುಗಳಾಗಿ ಮಾರ್ಪಟ್ಟಿದ್ದರಿಂದ. ಇದನ್ನು ನೆನಪಿನಲ್ಲಿಟ್ಟರೆ ಚರ್ಚನ್ನು ದೇವಾಲಯದ ಮೇಲೆ ಹೇರಿದ ಅಡ್ಡಿಯೆಂದು ಕಾಣುವ ಬದಲು, ಅದರ ಮೇಲಿನ ಮಾಡನ್ನು ಇಂದಿನವರೆಗೆ ದುರಸ್ತಿ ಮಾಡಿಸಿಕೊಂಡು ಬಂದ ವ್ಯವಸ್ಥೆಯೆಂದು ಕಾಣಬಹುದು.

ಕಲ್ಲುಗಳನ್ನು ಓದುವ ಕೆಲವು ಸೂಚನೆಗಳನ್ನು ಇಲ್ಲೇ ಹೇಳುತ್ತೇನೆ. ಹೊಯ್ಸಳರ ಬಳಪದ ಕಲ್ಲಿನಲ್ಲಿ ಶಿಲ್ಪ ಗೋಡೆಯ ಮೈಯಲ್ಲೇ ಇರುತ್ತದೆ. ರೋಮನ್ನರಾದರೋ ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿ ಬೆರೆಸಿದ ಗಾರೆಯಲ್ಲಿ ಕಲ್ಲಿನ ಚೂರುಗಳನ್ನು ತುಂಬಿ ಒಡಲನ್ನು ಕಟ್ಟಿ, ಅದರ ಮೇಲೆ ಅಮೃತಶಿಲೆಯ ಹಲಗೆಗಳನ್ನು ಹೊದಿಸುತ್ತಿದ್ದರು. ಹೊದಿಕೆಯೆಲ್ಲ ಕಳವಾಗಿರುವುದರಿಂದ ಇಂದು ನಿಮಗೆ ಕಾಣುವ ಒರಟು ಇಟ್ಟಿಗೆ ಮತ್ತು ಗಾರೆಗಳು ಆ ಕಾಲದವರ ಕಣ್ಣಿಗೆ ಬೀಳಲೆಂದು ಮಾಡಿದವಲ್ಲ. ಅಧಿಷ್ಠಾನದ ಕಲ್ಲುಗಳಲ್ಲಿ ಗುಂಡೇಟಿನಂತೆ ತೂತುಗಳು ಕಂಡರೆ ಯುದ್ಧದ ಗುರುತೆಂದು ತಿಳಿಯಬೇಡಿ. ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣ ಮತ್ತು ಸೀಸದ ಹಿಡಿಗಳನ್ನು ಮಧ್ಯಯುಗದಲ್ಲಿ ಲೋಹಕ್ಕಾಗಿ ಕೆತ್ತಿ ತೆಗೆದ ಜಾಗಗಳವು. ನಯವಾದ, ಅಲಂಕಾರವಿಲ್ಲದ, ಬಣ್ಣದಲ್ಲಿ ತುಸು ಬೇರೆಯಾದ ಕಲ್ಲು ಅಥವಾ ಅಚ್ಚುಕಟ್ಟಾದ ಹೊಸ ಇಟ್ಟಿಗೆ ಹಳೆಯ ತುಂಡುಗಳ ನಡುವೆ ಕಂಡರೆ ಅದು ಸಾಮಾನ್ಯವಾಗಿ ಆಧುನಿಕ ಆಸರೆ. ಸಂರಕ್ಷಕರು ವಂಚನೆಯಾಗದಿರಲೆಂದು ಬೇಕೆಂದೇ ಹಾಗೆ ಬೇರೆಯಾಗಿ ಇಟ್ಟಿರುತ್ತಾರೆ. ವೆಸ್ಟಾ ದೇವಿಯ ದುಂಡು ದೇವಾಲಯದಲ್ಲಿ ನಿಂತಿರುವ ಬಾಗಿದ ಭಾಗವನ್ನು 1930ರ ದಶಕದಲ್ಲಿ ಹೀಗೆಯೇ ಹಳೆಯ ಅಮೃತಶಿಲೆಯ ತುಣುಕುಗಳನ್ನು ಟ್ರಾವರ್ಟೈನ್ ಕಲ್ಲಿನ ಆಸರೆಯಲ್ಲಿ ಜೋಡಿಸಿ ನಿಲ್ಲಿಸಲಾಯಿತು. ಅಲ್ಲಿ ಬಿಳಿಯ ಸವೆದ ಕಲ್ಲು ಹಳೆಯದು, ಬೋಳಾದದ್ದು ಹೊಸದು ಎಂದು ಮಕ್ಕಳೂ ಗುರುತಿಸಬಲ್ಲರು. ಅಂದಹಾಗೆ ವೆಸ್ಟಾಳಿಗೆ ಒಳಗೆ ವಿಗ್ರಹವೇ ಇರಲಿಲ್ಲ. ಆರು ಮಂದಿ ಕನ್ಯೆಯರು ತಲಾ ಮೂವತ್ತು ವರ್ಷ ಕಾಯುತ್ತಿದ್ದ ಅಗ್ನಿಯೇ ದೇವಿ. ಬಲಿಗೆ ಉದುರಿಸುತ್ತಿದ್ದ ಉಪ್ಪುಹಿಟ್ಟನ್ನು ಸಿದ್ಧಪಡಿಸುತ್ತಿದ್ದವರೂ ಅವರೇ.

ಹಳೆಯ ಕಾಲದಲ್ಲೇ ಮಾಡಿದ ದುರಸ್ತಿಯೂ ಉಂಟು, ಅದನ್ನು ಗುರುತಿಸುವುದು ಇನ್ನೂ ಸ್ವಾರಸ್ಯಕರ. ಬಿತ್ತನೆಯ ದೇವತೆಯಾದ ಸ್ಯಾಟರ್ನ್‌ನ ದೇವಾಲಯದ ಎಂಟು ಕಂಬಗಳನ್ನು ನೋಡಿ. ಮುಂದಿನ ಆರು ಬೂದುಬಣ್ಣದ ಗ್ರಾನೈಟ್, ಪಕ್ಕದ ಎರಡು ಕೆಂಬಣ್ಣದವು, ಎರಡೂ ಈಜಿಪ್ಟಿನಿಂದ ಬಂದ ಕಲ್ಲು. ಬುಡಗಳು ಒಂದಕ್ಕೊಂದು ಹೊಂದುವುದಿಲ್ಲ, ಕಂಬದ ತುಂಡುಗಳೂ ಸರಿಯಾಗಿ ಕೂಡಿಲ್ಲ. ಬೆಂಕಿಗೆ ಆಹುತಿಯಾದದ್ದನ್ನು ಸೆನೆಟ್ ಮತ್ತು ರೋಮನ್ ಜನತೆ ಮತ್ತೆ ಕಟ್ಟಿಸಿದರು ಎಂದು ಮೇಲಿನ ಶಾಸನ ಹೇಳುತ್ತದೆ. ಆ ಜೀರ್ಣೋದ್ಧಾರ ನಡೆದದ್ದು ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ, ಎಂದರೆ ಹಳೆಯ ಧರ್ಮ ಮುಗಿಯುವ ಹೊತ್ತಿನಲ್ಲಿ, ಬೇರೆ ಕಟ್ಟಡಗಳಿಂದ ಸಿಕ್ಕಿದ್ದನ್ನು ಹೊಂದಿಸಿಕೊಂಡು. ಸಾಮ್ರಾಜ್ಯದ ಕೈಯಲ್ಲಿ ಹಣವೂ ಕುಶಲ ಕಲ್ಲುಕುಟಿಗರೂ ಕಡಿಮೆಯಾಗಿದ್ದನ್ನು ಈ ಹೊಂದಾಣಿಕೆಯಿಲ್ಲದ ಬುಡಗಳಷ್ಟು ಸ್ಪಷ್ಟವಾಗಿ ಬೇರಾವ ದಾಖಲೆಯೂ ಹೇಳಲಾರದು. ಇದೇ ದೇವಾಲಯದಲ್ಲಿ, ಚಕ್ರವರ್ತಿಗಳಿಗಿಂತ ಹಿಂದಿನ ಗಣರಾಜ್ಯದ ಖಜಾನೆಯಿತ್ತು. ಒಳಗಿನ ವಿಗ್ರಹದ ಕಾಲುಗಳಿಗೆ ವರ್ಷವಿಡೀ ಉಣ್ಣೆಯ ದಾರ ಕಟ್ಟಿರುತ್ತಿದ್ದರು, ಡಿಸೆಂಬರಿನ ಸ್ಯಾಟರ್ನಾಲಿಯಾ ಹಬ್ಬಕ್ಕೆ ಮಾತ್ರ ಬಿಚ್ಚುತ್ತಿದ್ದರು ಎಂದು ಹಳೆಯ ಲೇಖಕರು ಬರೆದಿದ್ದಾರೆ.

ಈಗ ಕ್ರಮದ ಮಾತು. ಹೆಚ್ಚಿನವರು ಮೊದಲ ದಿನವೇ ಫೋರಂಗೆ ನುಗ್ಗಿ ತಲೆ ಕೆಡಿಸಿಕೊಳ್ಳುತ್ತಾರೆ. ನೀವು ಮೊದಲು ಟೈಬರ್ ನದಿಯ ದಡದ ಹಳೆಯ ದನದ ಪೇಟೆಗೆ, ಎಂದರೆ ಫೋರಂ ಬೋಯಾರಿಯಂ ಎಂಬ ಜಾಗಕ್ಕೆ ಹೋಗಿ. ಅಲ್ಲಿ ಬಂದರಿನ ದೇವತೆ ಪೋರ್ಟುನಸ್‌ನ ಪುಟ್ಟ ದೇವಾಲಯ ಕ್ರಿ.ಪೂ. ಒಂದನೆಯ ಶತಮಾನದಿಂದ ಬಹುಮಟ್ಟಿಗೆ ಇಡಿಯಾಗಿ ನಿಂತಿದೆ. 9ನೆಯ ಶತಮಾನದಲ್ಲಿ ಚರ್ಚಾದದ್ದು ಅದನ್ನು ಉಳಿಸಿತು. ಎತ್ತರದ ಅಧಿಷ್ಠಾನ, ಮುಂದಿನ ಮೆಟ್ಟಿಲು, ನಾಲ್ಕು ಕಂಬಗಳ ಮುಖಮಂಟಪ, ಹಿಂದೆ ಕೋಣೆ, ಗೋಡೆಗೆ ಅಂಟಿದ ಅರೆಗಂಬಗಳು: ಇಷ್ಟನ್ನೂ ರಸ್ತೆಯಿಂದಲೇ, ಟಿಕೆಟ್ಟಿಲ್ಲದೆ ನೋಡಬಹುದು. ಪಕ್ಕದಲ್ಲಿರುವ ಹರ್ಕ್ಯುಲಸನ ದುಂಡು ದೇವಾಲಯ ಗ್ರೀಸಿನಿಂದ ತಂದ ಅಮೃತಶಿಲೆಯದು. ಅದರ ಹೆಂಚಿನ ಮಾಡು ಮಾತ್ರ ಈಚಿನದು, ಮೂಲ ಮಾಡಿಗೂ ತೊಲೆಗಲ್ಲಿಗೂ ಕುರುಹಿಲ್ಲ. ದುಂಡಗಿರುವುದರಿಂದ ಇದನ್ನು ಬಹುಕಾಲ ವೆಸ್ಟಾ ದೇವಾಲಯವೆಂದೂ, ಪೋರ್ಟುನಸನದನ್ನು ಫಾರ್ಚುನಾ ದೇವಿಯದೆಂದೂ ಕರೆದಿದ್ದರು; ಹಳೆಯ ಮಾರ್ಗದರ್ಶಿ ಪುಸ್ತಕ ಕೈಯಲ್ಲಿದ್ದರೆ ಗೊಂದಲವಾದೀತು. ಈ ಇಡಿಯಾದ ಚಿಕ್ಕ ದೇವಾಲಯದ ಆಕಾರ ಒಮ್ಮೆ ಕಣ್ಣಲ್ಲಿ ನಿಂತರೆ, ಮುಂದೆ ಫೋರಂನಲ್ಲಿ ಮೂರು ಕಂಬ ಕಂಡಾಗ ಉಳಿದದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ.

ಅಲ್ಲಿಂದ ಕ್ಯಾಪಿಟೋಲಿನ್ ಗುಡ್ಡಕ್ಕೆ ಟ್ಯಾಕ್ಸಿಯಲ್ಲಿ ಹೋಗಿ. ಗುಡ್ಡದ ಹಿಂಬದಿಯ ಕಟಾಂಜನದ ಬಳಿ ನಿಂತರೆ ಸ್ಯಾಟರ್ನ್, ವೆಸ್ಪೇಸಿಯನ್ ದೇವಾಲಯಗಳು ಕಾಲಬುಡದಲ್ಲೇ ಇವೆ, ಇಡೀ ಫೋರಂ ನಕ್ಷೆ ಬಿಡಿಸಿಟ್ಟಂತೆ ಕಾಣುತ್ತದೆ. ಇದಕ್ಕೂ ಶುಲ್ಕವಿಲ್ಲ. ಮೊಣಕಾಲು ನೋವಿರುವವರು ಒಳಗೆ ಎಷ್ಟು ನಡೆಯಬೇಕು, ಏನನ್ನು ಬಿಡಬೇಕು ಎಂಬುದನ್ನು ಇಲ್ಲಿಂದ ನೋಡಿಯೇ ತೀರ್ಮಾನಿಸುವುದು ಜಾಣತನ.

ಫೋರಂಗೆ ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ. ಕೊಲೊಸಿಯಂ, ಫೋರಂ, ಪ್ಯಾಲಟೈನ್ ಗುಡ್ಡ ಮೂರಕ್ಕೂ ಒಂದೇ ಟಿಕೆಟ್ಟಿದೆ. ದರ ಮತ್ತು ಸಮಯಗಳು ಬದಲಾಗುತ್ತಿರುವುದರಿಂದ ಅಧಿಕೃತ ಜಾಲತಾಣದಲ್ಲೇ ನೋಡಿ ಮುಂಗಡವಾಗಿ ಕೊಳ್ಳಿ. ಫೋರಂ ಒಳಗಿನ ಮುಖ್ಯ ದಾರಿಯಾದ ಪವಿತ್ರ ಮಾರ್ಗದ ಹಾಸುಗಲ್ಲುಗಳು ಕಪ್ಪು ಲಾವಾ ಶಿಲೆಯವು, ಸವೆದು ಉಬ್ಬುತಗ್ಗಾಗಿವೆ. ಅಡಿ ಗಟ್ಟಿಯಾದ ಷೂ ಮತ್ತು ಒಂದು ಊರುಗೋಲು ಇಲ್ಲದೆ ಯಜಮಾನರನ್ನು ಅದರ ಮೇಲೆ ನಡೆಸಬೇಡಿ. ಪ್ಯಾಲಟೈನ್ ಗುಡ್ಡದ ಏರನ್ನು ನಾನಾದರೆ ಬಿಟ್ಟುಬಿಡುತ್ತೇನೆ. ದೇವಾಲಯಗಳನ್ನು ನೋಡಬೇಕೆಂಬುದೇ ಉದ್ದೇಶವಾದರೆ ಅಲ್ಲಿ ಸಿಗುವುದು ಕಡಿಮೆ. ನೆರಳು ಅಲ್ಪ, ಆದರೆ ಊರ ತುಂಬ ಇರುವ ಸಾರ್ವಜನಿಕ ನಲ್ಲಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಕೊಳ್ಳಬಹುದು.

ನೀವು ಕೇಳಿದ ಆ ಮೂರು ಕಂಬಗಳು, ಚಿತ್ರಗಳಲ್ಲಿ ಎಲ್ಲೆಲ್ಲೂ ಕಾಣುವವು, ಬಹುಶಃ ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿ ದೇವತೆಗಳ ದೇವಾಲಯದವು. ಕುದುರೆ ಸವಾರರಾದ ಈ ಅವಳಿಗಳು ರೆಜಿಲಸ್ ಸರೋವರದ ಕದನದಲ್ಲಿ ರೋಮನ್ನರಿಗೆ ನೆರವಾಗಿ, ಅನಂತರ ಫೋರಂನ ಚಿಲುಮೆಯೊಂದರಲ್ಲಿ ಕುದುರೆಗಳಿಗೆ ನೀರು ಕುಡಿಸಿದರೆಂದು ಐತಿಹ್ಯ. ದೇವಾಲಯ ಮೊದಲು ಪ್ರತಿಷ್ಠೆಯಾದದ್ದು ಕ್ರಿ.ಪೂ. 484ರಲ್ಲಿ, ಈಗ ನಿಂತಿರುವ ಕಂಬಗಳು ಟೈಬೀರಿಯಸ್ ಕ್ರಿ.ಶ. 6ರಲ್ಲಿ ಮುಗಿಸಿದ ಪುನರ್ನಿರ್ಮಾಣದವು. ಬೋದಿಗೆಗಳ ಮುಳ್ಳೆಲೆಯ ಕೆತ್ತನೆ ರೋಮನ್ ಕೈಚಳಕದ ಉತ್ತುಂಗವೆಂದು ಬಲ್ಲವರು ಎಣಿಸುತ್ತಾರೆ. ಆದರೂ ನಾನು ಹೇಳಿದಂತೆ ಅಧಿಷ್ಠಾನವನ್ನೇ ಮೊದಲು ನೋಡಿ. ಅದರ ಒಡಲಲ್ಲಿ ಕಂಬಗಳ ನಡುನಡುವೆ ಪುಟ್ಟ ಕೋಣೆಗಳಿದ್ದವು, ತೂಕ ಅಳತೆಗಳ ತಪಾಸಣೆ ಮತ್ತು ವ್ಯವಹಾರಗಳು ಅಲ್ಲಿ ನಡೆಯುತ್ತಿದ್ದವು. ಅಗೆತದಲ್ಲಿ ಒಂದು ಕೋಣೆಯ ಚರಂಡಿಯಿಂದ ಹುಳುಕು ಹಿಡಿದ ಮನುಷ್ಯರ ಹಲ್ಲುಗಳು ರಾಶಿಯಾಗಿ ಸಿಕ್ಕಿದವು. ಹಲ್ಲು ಕೀಳುವವನೊಬ್ಬ ಅಲ್ಲಿ ಅಂಗಡಿ ಇಟ್ಟಿದ್ದನೆಂದು ವಿದ್ವಾಂಸರು ಊಹಿಸುತ್ತಾರೆ. ಮೇಲೆ ಸೆನೆಟ್ ಸಭೆ, ಕೆಳಗೆ ಹಲ್ಲಿನ ನರಳಾಟ.

ಫೋರಂನಿಂದ ಹೊರಡುವ ಮೊದಲು ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ನ ಭಾರಿ ಕಮಾನುಗಳ ಕಟ್ಟಡದ ಬಳಿ ಒಂದು ಗಳಿಗೆ ನಿಲ್ಲಿ. ಅದರ ಅಡಿಯಲ್ಲಿ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಮೆಣಸಿನ ಉಗ್ರಾಣಗಳಿದ್ದವು. ಆ ಕರಿಮೆಣಸು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ ಕೆಂಪು ಸಮುದ್ರದ ಮಾರ್ಗವಾಗಿ ಹೋದದ್ದು. ಬದಲಿಗೆ ಬಂದ ರೋಮನ್ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ದೊರೆತಿವೆ. ರೋಮನ್ ರಸ್ತೆಗಳ ಹಳೆಯ ನಕ್ಷೆಯಾದ ಪ್ಯೂಟಿಂಗರ್ ನಕ್ಷೆಯಲ್ಲಿ ಕೇರಳದ ಮುಜಿರಿಸ್ ಬಂದರಿನ ಪಕ್ಕದಲ್ಲಿ ಅಗಸ್ಟಸ್ ದೇವಾಲಯವೊಂದನ್ನು ಗುರುತಿಸಲಾಗಿದೆ.

ಬೃಹತ್ ಗುಮ್ಮಟದ ದೇವಾಲಯವಾದ ಪ್ಯಾಂಥಿಯನ್‌ಗೆ ಮಧ್ಯಾಹ್ನ ಹೋಗಿ ಎಂದರೆ ಮಾರ್ಗದರ್ಶಕರು ಗದ್ದಲದ ಹೊತ್ತೆಂದು ಬೇಡವೆನ್ನಬಹುದು, ಆದರೂ ಹೋಗಿ. ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿನ ಗಡಿಯಾರದ ಒಂದು ಗಂಟೆಯ ಸುಮಾರಿಗೆ ಸೂರ್ಯ ನೆತ್ತಿಗೆ ಬರುತ್ತಾನೆ. ಆಗ ಗುಮ್ಮಟದ ನಡುವಿನ ತೆರೆದ ಕಂಡಿಯಿಂದ ಬಿದ್ದ ಬೆಳಕು ಬಾಗಿಲಿನ ಮೇಲ್ಭಾಗದಲ್ಲಿ, ಗುಮ್ಮಟವೂ ಗೋಡೆಯೂ ಕೂಡುವ ಗೆರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಗುಮ್ಮಟದ ವ್ಯಾಸ ಸುಮಾರು 43.3 ಮೀಟರ್, ನೆಲದಿಂದ ಕಂಡಿಯವರೆಗಿನ ಎತ್ತರವೂ ಅಷ್ಟೇ. ಮೇಲೆ ಹೋದಂತೆ ಗಾರೆಯಲ್ಲಿ ಹಗುರವಾದ ತೂತುಗಲ್ಲನ್ನು ಬೆರೆಸಿ ಭಾರ ಇಳಿಸಿದ್ದಾರೆ. ಹೊರಗಿನ ಶಾಸನ ಇದನ್ನು ಅಗಸ್ಟಸನ ಆಪ್ತ ಅಗ್ರಿಪ್ಪ ಮೂರನೆಯ ಬಾರಿ ಕಾನ್ಸಲ್ ಎಂಬ ಉನ್ನತ ಅಧಿಕಾರಿಯಾಗಿದ್ದಾಗ ಕಟ್ಟಿಸಿದನೆಂದು ಹೇಳುತ್ತದೆ. ಅದು ಕ್ರಿ.ಪೂ. 27. ನಿಜದಲ್ಲಿ ಈಗಿನ ಕಟ್ಟಡ ಕ್ರಿ.ಶ. ಎರಡನೆಯ ಶತಮಾನದ್ದು, ಹೇಡ್ರಿಯನ್‌ನ ಆಳ್ವಿಕೆಯಲ್ಲಿ ಮುಗಿದದ್ದು ಎಂಬುದನ್ನು ಇಟ್ಟಿಗೆಗಳ ಮೇಲಿನ ಮುದ್ರೆಗಳು ತೋರಿಸಿಕೊಟ್ಟಿವೆ. ಹಳೆಯ ದಾನಿಯ ಹೆಸರನ್ನೇ ಉಳಿಸಿದ್ದು ಹೇಡ್ರಿಯನ್‌ನ ದೊಡ್ಡತನ. 609ರಿಂದ ಇದು ಚರ್ಚ್, ಇಂದಿಗೂ ಆರಾಧನೆ ನಡೆಯುತ್ತದೆ. 2023ರಿಂದ ಪ್ರವಾಸಿಗರಿಗೆ ಪ್ರವೇಶ ಶುಲ್ಕವಿದೆ, ಪ್ರಾರ್ಥನೆಯ ವೇಳೆ ಪ್ರವೇಶವಿಲ್ಲ.

ಪಾದರಕ್ಷೆಯ ಪ್ರಶ್ನೆಗೂ ಇಲ್ಲೇ ಉತ್ತರಿಸಬಹುದು. ಯಾವ ಅವಶೇಷದಲ್ಲೂ, ಯಾವ ಚರ್ಚಿನಲ್ಲೂ ಪಾದರಕ್ಷೆ ಕಳಚುವ ಪದ್ಧತಿಯಿಲ್ಲ. ಚರ್ಚಾಗಿರುವ ದೇವಾಲಯಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು, ಗಂಡಸರು ಟೊಪ್ಪಿಗೆ ತೆಗೆಯಬೇಕು, ಮಾತು ಮೆಲ್ಲಗಿರಬೇಕು. ಸೀರೆ ಉಟ್ಟವರಿಗೆ ಅಡ್ಡಿಯಿಲ್ಲ. ಬಿದ್ದ ಕಲ್ಲಿನ ಮೇಲೆ ಕೂರುವುದು, ಹತ್ತುವುದು ಬೇಡ. ನೆಲದಲ್ಲಿ ಹೊಳೆದ ಅಮೃತಶಿಲೆಯ ಚೂರನ್ನು ನೆನಪಿಗೆಂದು ಜೇಬಿಗಿಳಿಸುವುದು ಇಟಲಿಯ ಕಾನೂನಿನಲ್ಲಿ ಅಪರಾಧ.

ಜರ್ಮನಿಯಿಂದ ಫ್ರಾನ್ಸಿನ ಕಡೆಗೂ ಹೋಗುವ ಯೋಚನೆಯಿದ್ದರೆ ದಕ್ಷಿಣದ ನೀಮ್ ಪಟ್ಟಣದ ಮೇಜೋಂ ಕಾರೆಯನ್ನು ನೋಡದೆ ಬರಬೇಡಿ. ಹೊರಗಿನಿಂದ ಇಷ್ಟು ಪೂರ್ಣವಾಗಿ ಉಳಿದ ರೋಮನ್ ದೇವಾಲಯ ರೋಮಿನಲ್ಲೂ ಸಿಗುವುದು ಕಷ್ಟ. ಮೆಟ್ಟಿಲುಗಳು ಹದಿನೈದು, ವಿಟ್ರೂವಿಯಸ್ ಹೇಳಿದ ಬೆಸಸಂಖ್ಯೆಯೇ. ಇದರ ಶಾಸನದ ಕಂಚಿನ ಅಕ್ಷರಗಳು ಎಂದೋ ಮಾಯವಾಗಿದ್ದವು. 1758ರಲ್ಲಿ ಝಾಂ ಫ್ರಾಂಸ್ವಾ ಸೆಗ್ಯೇ ಎಂಬ ವಿದ್ವಾಂಸ ಅಕ್ಷರಗಳನ್ನು ಬಿಗಿದಿದ್ದ ಮೊಳೆಗಳ ತೂತುಗಳನ್ನಷ್ಟೇ ಹಿಡಿದು ಪಾಠವನ್ನು ಓದಿದ. ಅಗಸ್ಟಸನ ದತ್ತುಮಕ್ಕಳಾದ ಗಾಯಸ್ ಮತ್ತು ಲೂಸಿಯಸ್‌ರಿಗೆ ಅರ್ಪಿತವಾದದ್ದೆಂದು ಆಗ ತಿಳಿಯಿತು. 2023ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ.

ರೋಮಿನ ನಾಲ್ಕನೆಯ ದಿನಕ್ಕೆ ಲಾರ್ಗೊ ಅರ್ಜೆಂಟೀನಾ ಚೌಕ ಇರಲಿ. ಬಸ್ಸುಗಳು ಗಿಜಿಗುಡುವ ರಸ್ತೆಗಳ ನಡುವಿನ ತಗ್ಗಿನಲ್ಲಿ ಗಣರಾಜ್ಯದ ಕಾಲದ ನಾಲ್ಕು ದೇವಾಲಯಗಳು ಸಾಲಾಗಿವೆ, 1920ರ ದಶಕದಲ್ಲಿ ಹಳೆಯ ಕಟ್ಟಡಗಳನ್ನು ಕೆಡವುವಾಗ ಬಯಲಾದವು. ರಸ್ತೆಯ ಕಟಾಂಜನದಿಂದಲೇ ಎಲ್ಲವೂ ಕಾಣುತ್ತದೆ. 2023ರಿಂದ ಕೆಳಗಿಳಿದು ನಡೆಯಲೂ ಅವಕಾಶವಿದೆ. ಸೀಸರನ ಕೊಲೆಯಾದ ಸೇನಾನಿ ಪಾಂಪೆ ಕಟ್ಟಿಸಿದ ಸಭಾಭವನದ ತಳಪಾಯದ ಕಲ್ಲುಗಳು ಈ ದೇವಾಲಯಗಳ ಬೆನ್ನ ಹಿಂದಿವೆ. ಅಲ್ಲಿ ಓಡಾಡುವ ಬೆಕ್ಕುಗಳನ್ನು ಸ್ವಯಂಸೇವಕರು ಸಾಕುತ್ತಿದ್ದಾರೆ.

ದೇವಾಲಯ ನೋಡಿದ ಮೇಲೆ ದೇವರೆಲ್ಲಿ ಎಂದು ನಿಮಗೆ ಅನ್ನಿಸಿಯೇ ಅನ್ನಿಸುತ್ತದೆ. ಲಾರ್ಗೊ ಅರ್ಜೆಂಟೀನಾದ ದುಂಡು ದೇವಾಲಯದ ಮೂಲವಿಗ್ರಹವಾದ, ಆ ದಿನದ ಅದೃಷ್ಟವನ್ನು ಕೊಡುವ ಫಾರ್ಚುನಾ ದೇವಿಯ ಭಾರಿ ಅಮೃತಶಿಲೆಯ ತಲೆ ಅಗೆತದಲ್ಲಿ ಸಿಕ್ಕಿ, ಈಗ ನಗರದ ದಕ್ಷಿಣದ ಚೆಂತ್ರಾಲೆ ಮೊಂತೆಮಾರ್ತಿನಿ ವಸ್ತುಸಂಗ್ರಹಾಲಯದಲ್ಲಿದೆ. ಹಳೆಯ ವಿದ್ಯುತ್ ಸ್ಥಾವರವನ್ನೇ ಸಂಗ್ರಹಾಲಯವಾಗಿ ಮಾಡಿದ್ದಾರೆ, ಕಪ್ಪು ಯಂತ್ರಗಳ ಮುಂದೆ ಬಿಳಿಯ ದೇವತೆಗಳು ನಿಂತಿದ್ದಾರೆ. ಅಪೊಲೊ ಸೋಸಿಯಾನಸ್ ದೇವಾಲಯದ ನೆತ್ತಿಯ ಶಿಲ್ಪಗಳೂ ಇಲ್ಲೇ ಇವೆ. ಮೆಟ್ರೊದ ಬಿ ಮಾರ್ಗದ ಗರ್ಬಾತೆಲ್ಲಾ ನಿಲ್ದಾಣದಿಂದ ಹತ್ತಿರ; ಜನಸಂದಣಿ ಕಡಿಮೆ, ನೆಲ ಸಮತಟ್ಟು, ಯಜಮಾನರಿಗೂ ಕಷ್ಟವಾಗದು. ಸೋಮವಾರ ರಜೆ ಎಂಬುದನ್ನು ಮಾತ್ರ ನೋಡಿಕೊಂಡು ದಿನಗಳನ್ನು ಹೊಂದಿಸಿಕೊಳ್ಳಿ.